ಥರ್ಮೊಕೋಲ್ ಒದ್ದೆಯಾದರೆ ಮೊದಲು ನೀರಿನ ದಾರಿ ಹುಡುಕಿ

ತಗಡಿನ ಮನೆಯ ಸೆಕೆ ತಾಳಲಾರದೆ ಶೀಟಿನ ಕೆಳಗೆ ಥರ್ಮೊಕೋಲ್ ಹಲಗೆ ಹಾಕಿಸಿದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ನಾನೂ ಒಬ್ಬ. ಎರಡು ಸಲ ಹಾಕಿ ಎರಡು ಸಲವೂ ಕೆಡಿಸಿಕೊಂಡೆ. ಮೂರನೇ ಸಲ ಹಾಕಿದ್ದು ನಿಂತಿದೆ. ನಡುವೆ ಬಿತ್ತನೆಗೆ ಇಟ್ಟಿದ್ದ ನಾಲ್ಕು ಚೀಲ ಕಡಲೆಕಾಯಿ ಹಾಳಾಯಿತು. ನಾನು ಓದಿದ್ದು ಏಳನೇ ಕ್ಲಾಸು. ಇಲ್ಲಿ ಬರೆದಿರುವುದು ಕೈಸುಟ್ಟುಕೊಂಡು ಕಲಿತದ್ದು. ಇನ್ನೊಬ್ಬರ ದುಡ್ಡು ಉಳಿದರೆ ಸಾಕು ಅಂತ ಬರೆಯುತ್ತಿದ್ದೇನೆ.

ನಮ್ಮದು ಹಿರಿಯೂರು ತಾಲ್ಲೂಕು, ಪೂರ್ತಿ ಮಳೆ ನಂಬಿದ ಬೇಸಾಯ. ಹಿಂದೆ ನಮ್ಮದು ಮಣ್ಣಿನ ಮಾಳಿಗೆ ಮನೆ. ತೊಲೆ, ಜಂತೆ, ಅದರ ಮೇಲೆ ಸೊಪ್ಪು, ಮಣ್ಣು, ಎಲ್ಲದರ ಮೇಲೆ ಕರಲು ಮಣ್ಣು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ವರ್ಷಾ ವರ್ಷಾ ಮಣ್ಣು ಹೊರಬೇಕು, ಆಳು ಸಿಗೋದಿಲ್ಲ, ಜಂತೆಗೆ ಗೆದ್ದಲು. ಕೊನೆಗೆ ಬಿಚ್ಚಿಸಿ ಕಬ್ಬಿಣದ ಪೈಪಿನ ಮೇಲೆ ಜಿಂಕ್ ಶೀಟು ಹೊದಿಸಿದೆವು. ಒಂದೇ ಕಡೆಗೆ ಇಳಿಜಾರು. ಮೊದಲ ಬೇಸಿಗೆಯಲ್ಲೇ ಒಳಗೆ ಕೂರಲಾಗದಷ್ಟು ಕಾವು. ಹಂಗಾಗಿ 2021ರ ಬೇಸಿಗೆಯಲ್ಲಿ ಥರ್ಮೊಕೋಲ್ ತಂದೆ.

ಎರಡು ಸಲ ಮಾಡಿದ ತಪ್ಪು

ಮೊದಲ ಸಲ ಹಲಗೆಗಳನ್ನು ನೇರವಾಗಿ ಶೀಟಿಗೇ ಅಂಟಿಸಿದೆ. ಅಂಗಡಿಯಲ್ಲಿ ಸಿಕ್ಕ ರಬ್ಬರ್ ಗೋಂದು ಬಳಿದರೆ ಹಲಗೆ ಅಲ್ಲಲ್ಲಿ ಕರಗಿ ಗುಳಿ ಬಿತ್ತು. ಥಿನ್ನರ್, ಪೆಟ್ರೋಲ್ ಜಾತಿಯ ದ್ರಾವಣ ಇರುವ ಯಾವ ಗೋಂದೂ, ಯಾವ ಬಣ್ಣವೂ ಥರ್ಮೊಕೋಲನ್ನು ತಿನ್ನುತ್ತದೆ ಅಂತ ಆಗ ಗೊತ್ತಿರಲಿಲ್ಲ. ಹೇಗೋ ತಂತಿ ಕಟ್ಟಿ ನಿಲ್ಲಿಸಿದೆ. ಆ ಬೇಸಿಗೆ ಕಾವು ಕಡಿಮೆಯಾದದ್ದು ನಿಜ.

2022ರಲ್ಲಿ ಎಂಥ ಮಳೆ ಬಂತು ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಆ ವರ್ಷ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಆ ಮಳೆಗೆ ನಮ್ಮ ಹಲಗೆಗಳಲ್ಲಿ ಕಂದು ಕಲೆ ಮೂಡಿತು. ಮಳೆ ನಿಂತಿತಲ್ಲ, ಒಣಗುತ್ತದೆ ಅಂದುಕೊಂಡೆ. ಕಡಲೆಕಾಯಿ ಕಿತ್ತು, ಒಣಗಿಸಿ, ಬೀಜಕ್ಕೆ ಅಂತ ಆರಿಸಿದ ನಾಲ್ಕು ಚೀಲವನ್ನು ಅದೇ ಕೋಣೆಯ ಅಟ್ಟದ ಮೇಲೆ ಇಟ್ಟೆ.

ಸಂಕ್ರಾಂತಿ ಹೊತ್ತಿಗೆ ಬೆಳಗಿನ ಜಾವ ಚಾವಣಿಯಿಂದ ತೊಟ್ಟಿಕ್ಕಲು ಶುರುವಾಯಿತು. ನಮ್ಮವ್ವ ಆ ಕೋಣೆಯಲ್ಲೇ ಮಲಗುತ್ತಿದ್ದಳು. "ಮಳೆ ಬಾರದೆ ಸೋರೋ ಮನೆ ಇದೊಂದೇ ಕಣೋ ಮಗ" ಅಂದಳು. ನಾನು ನಕ್ಕು ಸುಮ್ಮನಾದೆ. ಅವಳ ಮಾತಿನಲ್ಲೇ ಉತ್ತರ ಇತ್ತು, ನನಗೆ ತಿಳಿಯಲಿಲ್ಲ. ಅವಳಿಗೆ ಕೆಮ್ಮು ಬಿಡಲಿಲ್ಲ. ಹಲಗೆಯ ಸಂದಿಗಳಲ್ಲಿ ಕಪ್ಪು ಬೂಷ್ಟು ಹಿಡಿದಿತ್ತು.

ಆಮೇಲೆ ಮಾಡಿದ್ದು ಎರಡನೇ ತಪ್ಪು. ಹಳೆಯದನ್ನು ಕಿತ್ತು ಹೊಸ ಹಲಗೆ ತಂದೆ. ಈ ಸಲ ನೀರು ತಾಕಲೇಬಾರದು ಅಂತ ಒಂದೊಂದು ಹಲಗೆಯನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಟೇಪು ಹಾಕಿ ಮತ್ತೆ ಶೀಟಿಗೇ ಒತ್ತಿ ಕಟ್ಟಿದೆ. ಹಸಿ ಕಡಲೆಕಾಯಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಏನಾಗುತ್ತದೋ ಅದೇ ಆಯಿತು. ಟೇಪಿನ ಸಂದಿಯಲ್ಲಿ ಒಳಗೆ ಹೋದ ತೇವಕ್ಕೆ ಹೊರಗೆ ಬರಲು ದಾರಿ ಇಲ್ಲ. ಮುಂದಿನ ಚಳಿಗಾಲದಲ್ಲಿ ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ಕಿನೊಳಗೆ ನೀರು ನಿಂತಿತ್ತು.

ಅಷ್ಟರಲ್ಲಿ ಬೀಜದ ಕಥೆ ಮುಗಿದಿತ್ತು. 2023ರ ಮೇ ತಿಂಗಳಲ್ಲಿ ಸುಲಿಯಲು ಚೀಲ ಬಿಚ್ಚಿದರೆ ಮುಗ್ಗಲು ವಾಸನೆ. ಸಿಪ್ಪೆ ಒಡೆದರೆ ಬೀಜದ ಮೇಲೆ ಹಸಿರು ಪುಡಿ. ತೇವ ತಿಂದ ಕಡಲೆಕಾಯಿಯಲ್ಲಿ ಬರುವ ಈ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತದೆ. ಅದು ಮನುಷ್ಯರ ಈಲಿ ಕೆಡಿಸುತ್ತದೆ, ದನಕ್ಕೆ ಹಾಕಿದರೆ ಹಾಲಿಗೂ ಬರುತ್ತದೆ. ಹಂಗಾಗಿ ಗಾಣಕ್ಕೂ ಕೊಡಲಿಲ್ಲ, ದನಕ್ಕೂ ಹಾಕಲಿಲ್ಲ. ಆ ವರ್ಷ ಸಾಲ ಮಾಡಿ ಬೀಜ ತಂದು ಬಿತ್ತಿದೆ.

ಥರ್ಮೊಕೋಲ್ ಯಾಕೆ ತಂಪು, ಒದ್ದೆಯಾದರೆ ಯಾಕೆ ಅಲ್ಲ

ಥರ್ಮೊಕೋಲಿನಲ್ಲಿ ನೂರಕ್ಕೆ 98 ಪಾಲು ಗಾಳಿ. ಸಣ್ಣ ಸಣ್ಣ ಮಣಿಗಳನ್ನು ಹಬೆಯಲ್ಲಿ ಉಬ್ಬಿಸಿ ಒಂದಕ್ಕೊಂದು ಅಂಟುವಂತೆ ಒತ್ತಿ ಮಾಡಿದ್ದು. ಮಣಿಯೊಳಗೆ ಅಲುಗಾಡದೆ ನಿಂತ ಗಾಳಿಯೇ ಕಾವನ್ನು ತಡೆಯುವುದು. ಹಲಗೆಯೇ ತಂಪು ಕೊಡುತ್ತದೆ ಅಂತ ತಿಳಿಯಬಾರದು.

ಮಣಿಯೊಳಗೆ ನೀರು ಸುಲಭಕ್ಕೆ ಹೋಗದು. ಆದರೆ ಮಣಿ ಮಣಿಯ ನಡುವೆ ಸಂದಿ ಇದೆಯಲ್ಲ, ಅಲ್ಲಿ ಸೇರುತ್ತದೆ. ಒಂದು ಮಳೆಗೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ತೇವ ತಾಕುತ್ತಲೇ ಇದ್ದರೆ ಹಲಗೆ ಭಾರವಾಗುತ್ತದೆ. ನಿಂತ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಕಾವನ್ನು ಸಾಗಿಸುತ್ತದೆ. ಗಾಳಿ ಇದ್ದ ಕಡೆ ನೀರು ಕೂತರೆ ಹಲಗೆ ಇದ್ದೂ ಅಷ್ಟರಮಟ್ಟಿಗೆ ದಂಡ.

ಇನ್ನೊಂದು ಮಾತು. ಬೂಷ್ಟಿಗೆ ಥರ್ಮೊಕೋಲ್ ಆಹಾರವಲ್ಲ. ಅದರ ಮೇಲೆ ಕೂತ ಧೂಳು, ಒಲೆಯ ಕಿಲುಬು, ಅಂಟಿಸಿದ ಕಾಗದ, ಪಕ್ಕದ ಮರದ ಪಟ್ಟಿ ಇವೇ ಆಹಾರ. ಅದಕ್ಕೆ ಬೇಕಾದ ತೇವವನ್ನು ಒದ್ದೆ ಹಲಗೆ ಒದಗಿಸುತ್ತದೆ.

ಸೋರಿಕೆಯೋ, ಬೆವರೋ?

ಹಲಗೆಗೆ ಬರುವ ನೀರು ಎರಡು ತರ. ಒಂದು ಮೇಲಿನಿಂದ ಸೋರುವ ಮಳೆ ನೀರು. ಇನ್ನೊಂದು ಮನೆಯೊಳಗಿನ ಹಬೆ ಮೇಲೆ ಹೋಗಿ ತಣ್ಣಗಿನ ತಗಡಿಗೆ ತಾಗಿ ನೀರಾಗುವುದು. ಇದಕ್ಕೆ ನಾನು ಬೆವರು ಅನ್ನುತ್ತೇನೆ.

ಹಿತ್ತಾಳೆ ಚೊಂಬಿಗೆ ಮಡಕೆಯ ತಣ್ಣೀರು ತುಂಬಿ ಅಡುಗೆ ಮನೆಯಲ್ಲಿ ಇಡಿ. ಸ್ವಲ್ಪ ಹೊತ್ತಿಗೆ ಚೊಂಬಿನ ಹೊರಮೈ ತುಂಬ ಹನಿ. ಚೊಂಬು ಸೋರಿಲ್ಲ, ಗಾಳಿಯಲ್ಲಿದ್ದ ತೇವ ಬಂದು ಕೂತಿದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ತಗಡು ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ ಅನ್ನ ಬೇಯಿಸಿದ ಹಬೆ, ಸ್ನಾನದ ಹಬೆ, ಒಣಹಾಕಿದ ಬಟ್ಟೆ, ಮಲಗಿದವರ ಉಸಿರು, ಪಕ್ಕದ ಕೊಟ್ಟಿಗೆಯ ದನದ ಉಸಿರು ಎಲ್ಲ ಹಲಗೆಯ ಸಂದಿಯಲ್ಲಿ ನುಸುಳಿ ತಗಡಿಗೆ ತಾಗುತ್ತದೆ. ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ಮಳೆ ಬಾರದೆ ಸೋರುವ ಮನೆ ಅಂದರೆ ಇದೇ. ಹಳೆ ಮಾಳಿಗೆಯ ಮಣ್ಣು ಆ ತೇವ ಕುಡಿದು ಬಿಸಿಲಿಗೆ ಬಿಡುತ್ತಿತ್ತು. ತಗಡು ಕುಡಿಯುವುದಿಲ್ಲ.

ಎರಡನ್ನೂ ಹೀಗೆ ಬೇರೆ ಮಾಡಿ ನೋಡಿ:

• ಮಳೆ ಬಂದ ಮೇಲೆ ಒದ್ದೆಯಾಗಿ, ಬೋಲ್ಟಿನ ಕೆಳಗೆ ಅಥವಾ ಶೀಟು ಸೇರುವಲ್ಲಿ ಒಂದೇ ಕಡೆ ದುಂಡಗೆ ಕಂದು ಕಲೆ ಇದ್ದರೆ ಸೋರಿಕೆ.

• ಮಳೆ ಇಲ್ಲದ ದಿನ, ತಿಳಿ ಆಕಾಶದ ರಾತ್ರಿ ಕಳೆದ ಬೆಳಿಗ್ಗೆ, ಶೀಟಿನ ಒಳಮೈ ಉದ್ದಕ್ಕೂ ಹನಿ ಇದ್ದು ಬಿಸಿಲೇರಿದ ಮೇಲೆ ಮಾಯವಾದರೆ ಬೆವರು.

• ಅಡುಗೆ ಮನೆ, ಬಚ್ಚಲ ಮನೆಯ ಕಡೆಯೇ ಹೆಚ್ಚು ಇದ್ದರೂ ಬೆವರು.

• ಅನುಮಾನ ಇದ್ದರೆ ಮಳೆಯಿಲ್ಲದ ದಿನ ಒಬ್ಬರು ಮೇಲಿನಿಂದ ಒಂದೊಂದೇ ಸಾಲಿಗೆ ಕೊಡದಲ್ಲಿ ನೀರು ಬಿಡಬೇಕು, ಇನ್ನೊಬ್ಬರು ಒಳಗೆ ನೋಡಬೇಕು. ಕೆಳಗಿನ ಸಾಲಿನಿಂದ ಶುರು ಮಾಡಿ ಮೇಲಕ್ಕೆ ಹೋದರೆ ತೂತು ಎಲ್ಲಿದೆ ಅಂತ ಸಿಗುತ್ತದೆ.

ನಮ್ಮ ಮನೆಯಲ್ಲಿ ಎರಡೂ ಇತ್ತು. ಒಂದನ್ನು ಮಾತ್ರ ಸರಿಮಾಡಿದ್ದರೆ ಮತ್ತೆ ಕೆಡುತ್ತಿತ್ತು.

ತಕ್ಕಡಿಯೇ ಪರೀಕ್ಷೆ

ಯಾವ ಹಲಗೆ ಉಳಿಸಬಹುದು, ಯಾವುದು ಬಿಸಾಕಬೇಕು ಅಂತ ಕಣ್ಣಿಗೆ ಕಾಣುವುದಿಲ್ಲ. ಮೇಲೆ ಒಣಗಿದ್ದರೂ ಒಳಗೆ ನೀರಿರುತ್ತದೆ. ನಾನು ಬೀಜ ತೂಗುವ ತಕ್ಕಡಿ ಹಿಡಿದೆ.

ಅಂಗಡಿಯಲ್ಲಿ ಸಿಗುವ ಹಲಗೆ ಸಾಮಾನ್ಯವಾಗಿ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ. 25 ಮಿ.ಮೀ. ದಪ್ಪದ್ದಾದರೆ ಹನ್ನೆರಡೂವರೆ ಲೀಟರ್ ಗಾತ್ರ. ಘನ ಮೀಟರಿಗೆ 15 ಕೆ.ಜಿ. ತೂಗುವ ಮಾಲಾದರೆ ಒಂದು ಹಲಗೆ 190 ಗ್ರಾಂ ಹತ್ತಿರ, 20 ಕೆ.ಜಿ.ಯ ಮಾಲಾದರೆ 250 ಗ್ರಾಂ ತೂಗಬೇಕು. ನನ್ನದು 15ರ ಮಾಲು. ಒದ್ದೆ ಹಲಗೆ ಇಟ್ಟರೆ ಕೆಲವು 260, ಕೆಲವು 300, ಬೋಲ್ಟಿನ ಕೆಳಗಿದ್ದ ಒಂದು 480 ಗ್ರಾಂ ಬಂತು. ಅಂದರೆ ಅದರಲ್ಲಿ ಕಾಲು ಲೀಟರಿಗೂ ಮಿಕ್ಕಿ ನೀರು. ಚಾವಣಿ ತುಂಬ ಅಂಥವು ಇದ್ದರೆ ತಂತಿ ತಾಳುತ್ತದೆಯೇ?

ಹೊಸ ಹಲಗೆ ತಂದ ದಿನವೇ ಒಂದನ್ನು ತೂಗಿ, ಗೋಡೆಯ ಮೇಲೆ ಬರೆದಿಡಿ. ಮುಂದೆ ಯಾವಾಗ ಬೇಕಾದರೂ ಹೋಲಿಸಬಹುದು.

ಬಿಚ್ಚುವಾಗ ಜಾಗ್ರತೆ

ಮೊದಲು ಕರೆಂಟಿನ ಮೇನ್ ಸ್ವಿಚ್ಚು ಆರಿಸಿ. ತಗಡು, ಒದ್ದೆ, ವೈರು ಮೂರೂ ಸೇರಿದ ಕಡೆ ಕೈ ಹಾಕಬಾರದು. ಥರ್ಮೊಕೋಲಿಗೆ ತಾಗಿಕೊಂಡೇ ವರ್ಷಗಟ್ಟಲೆ ಇದ್ದ ಪಿವಿಸಿ ವೈರಿನ ಸಿಪ್ಪೆ ಗಡುಸಾಗಿ ಬಿರುಕು ಬಿಡುತ್ತದೆ. ವೈರಿನ ಮೆದುತನ ಕೊಡುವ ಎಣ್ಣೆಯಂಥ ವಸ್ತುವನ್ನು ಥರ್ಮೊಕೋಲ್ ಎಳೆದುಕೊಳ್ಳುತ್ತದೆ. ಹಂಗಾಗಿ ಮತ್ತೆ ಹಾಕುವಾಗ ವೈರನ್ನು ಪೈಪಿನೊಳಗೆ ಹಾಯಿಸಿ.

ಬೂಷ್ಟು ಇದ್ದರೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಮಕ್ಕಳು, ವಯಸ್ಸಾದವರು, ದಮ್ಮಿನವರು ಆ ಹೊತ್ತು ಹೊರಗಿರಲಿ. ಬೂಷ್ಟನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಪುಡಿ ಮನೆಯೆಲ್ಲ ಹಾರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಮೇಲಿರುವುದು ಸಿಮೆಂಟು ಶೀಟಾದರೆ, ಹಳೆಯವುಗಳಲ್ಲಿ ಕಲ್ನಾರು ಇರುತ್ತದೆ. ಅದನ್ನು ಕೊರೆಯುವುದು, ಒಡೆಯುವುದು, ಉಜ್ಜುವುದು ಮಾಡಬಾರದು. ಅದರ ಧೂಳು ಶ್ವಾಸಕೋಶಕ್ಕೆ ಕೇಡು.

ಬಿಚ್ಚಿದ ಹಲಗೆಗಳನ್ನು ಮೂರು ಪಾಲು ಮಾಡಿ. ಗಟ್ಟಿಯಾಗಿದ್ದು ತೂಕ ಸರಿಯಿರುವುದು ಒಂದು. ಗಟ್ಟಿಯಾಗಿದ್ದು ತೂಕ ಹೆಚ್ಚಿರುವುದು ಎರಡು. ಬೆರಳಲ್ಲಿ ಒತ್ತಿದರೆ ಮಣಿ ಉದುರುವುದು, ಇಲಿ ಇರುವೆ ತೂತು ಕೊರೆದಿರುವುದು, ಬೂಷ್ಟು ಒಳಗೆ ಇಳಿದಿರುವುದು ಮೂರು. ಮೂರನೆಯದನ್ನು ಉಳಿಸುವ ಆಸೆ ಬೇಡ.

ಎರಡನೆಯದನ್ನು ಸೋಪಿನ ನೀರಲ್ಲಿ ಒರೆಸಿ, ಗಾಳಿ ಆಡುವ ನೆರಳಿನಲ್ಲಿ ಒಂದಕ್ಕೊಂದು ತಾಗದಂತೆ ಅಂಚಿನ ಮೇಲೆ ನಿಲ್ಲಿಸಿ. ಬಿಸಿಲಿಗೆ ಹಾಕಬೇಡಿ, ಬಿಸಿಲು ಬಡಿದರೆ ಮೈ ಹಳದಿಯಾಗಿ ಪುಡಿ ಏಳುತ್ತದೆ. ಒಲೆಯ ಹತ್ತಿರವಂತೂ ಬೇಡವೇ ಬೇಡ. ವಾರಕ್ಕೊಮ್ಮೆ ತೂಗಿ. ನನ್ನವು ಮೂರು ವಾರಕ್ಕೆ ಅರ್ಧದಷ್ಟು ಸರಿಯಾದ ತೂಕಕ್ಕೆ ಬಂದವು. ಉಳಿದವು ಬರಲಿಲ್ಲ, ಬಿಟ್ಟೆ.

ಬಿಸಾಕುವುದನ್ನು ಸುಡಬಾರದು. ಕರಿ ಹೊಗೆ ಬರುತ್ತದೆ, ಅದು ವಿಷ. ಹೊಲದ ಬದುವಿಗೆ ಎಸೆದರೆ ಮಣಿ ಮಣಿಯಾಗಿ ಗಾಳಿಗೆ ಹೊಲವೆಲ್ಲ ಹರಡುತ್ತದೆ, ಮೇವಿನ ಜೊತೆ ದನದ ಹೊಟ್ಟೆ ಸೇರುತ್ತದೆ. ಎಷ್ಟು ವರ್ಷ ಉತ್ತರೂ ಕೊಳೆಯದು. ಚೀಲದಲ್ಲಿ ಕಟ್ಟಿ ಪಂಚಾಯಿತಿಯ ಒಣ ಕಸದ ಗಾಡಿಗೆ ಕೊಡಿ.

ಮತ್ತೆ ಹಾಕಿದ ಕ್ರಮ

2024ರ ಬೇಸಿಗೆಯಲ್ಲಿ ಹಲಗೆಗೆ ಕೈ ಹಾಕುವ ಮೊದಲು ನೀರಿನ ಕೆಲಸ ಮುಗಿಸಿದೆ.

ಸೋರಿಕೆಗೆ: ಹಳೆ ಬೋಲ್ಟುಗಳ ವಾಷರ್ ಬಿಸಿಲಿಗೆ ಸೀಳಿದ್ದವು, ಎಲ್ಲ ಬದಲಿಸಿದೆ. ಶೀಟಿನ ತಗ್ಗಿನಲ್ಲಿ ಹೊಡೆದಿದ್ದ ಬೋಲ್ಟು ತೆಗೆದು ತೂತು ಮುಚ್ಚಿ, ಉಬ್ಬಿನಲ್ಲಿ ಹೊಸದು ಹಾಕಿಸಿದೆ. ನೀರು ಹರಿಯುವುದು ತಗ್ಗಿನಲ್ಲಿ, ಅಲ್ಲಿ ತೂತು ಇರಬಾರದು. ಕೊಡದ ನೀರು ಬಿಟ್ಟು ನೋಡಿ, ಮೊದಲ ಮುಂಗಾರು ಮಳೆ ಕಳೆಯುವವರೆಗೂ ಕಾದೆ. ಒಂದು ತಿಂಗಳು ಸೆಕೆ ತಡೆದುಕೊಂಡರೆ ಹಲಗೆ ಉಳಿಯುತ್ತದೆ.

ಬೆವರಿಗೆ: ಒಲೆಯ ಮೇಲುಗಡೆ ಗೋಡೆಯಲ್ಲಿ ಹಬೆ ಹೋಗಲು ಕಿಂಡಿ ಮಾಡಿಸಿದೆ. ಬಟ್ಟೆ ಒಳಗೆ ಒಣಹಾಕುವುದು ನಿಲ್ಲಿಸಿದೆವು. ಕೊಟ್ಟಿಗೆಗೂ ಕೋಣೆಗೂ ನಡುವಿನ ಗೋಡೆ ಚಾವಣಿಯವರೆಗೆ ಏರಿಸಿದೆ.

ಆಮೇಲೆ ಹಲಗೆ. ಶೀಟಿಗೆ ಅಂಟಿಸಲಿಲ್ಲ. ಶೀಟು ಹೊತ್ತ ಪೈಪುಗಳ ಕೆಳಗೆ ಕಬ್ಬಿಣದ ಪಟ್ಟಿ ಕಟ್ಟಿಸಿ ಅದರ ಮೇಲೆ ಹಲಗೆ ಕೂರಿಸಿದೆ. ಶೀಟಿಗೂ ಹಲಗೆಗೂ ನಡುವೆ ನಾಲ್ಕು ಬೆರಳು ಜಾಗ. ಹಲಗೆಯೂ ಶೀಟಿನ ಇಳಿಜಾರಿನಲ್ಲೇ ಇದೆ. ಆ ಸಂದಿಯ ಮೇಲಿನ ತುದಿಯನ್ನೂ ಸೂರಿನ ತುದಿಯನ್ನೂ ತೆರೆದೇ ಬಿಟ್ಟು, ಇಲಿ ಗುಬ್ಬಿ ನುಗ್ಗದಂತೆ ಸಣ್ಣ ಕಣ್ಣಿನ ಜಾಲರಿ ಹೊಡೆದೆ. ಹಗಲು ತಗಡು ಕಾದಾಗ ಸಂದಿಯ ಬಿಸಿ ಗಾಳಿ ಮೇಲಿನ ತುದಿಯಿಂದ ಹೊರಗೆ ಹೋಗುತ್ತದೆ, ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ತೇವ ಅದರ ಜೊತೆ ಹೋಗುತ್ತದೆ.

ಹಲಗೆ ಹಲಗೆ ಸೇರುವ ಕಡೆ ಅಂಚನ್ನು ಅರ್ಧ ದಪ್ಪಕ್ಕೆ ಕೊಯ್ದು, ಮೇಲಿನದು ಕೆಳಗಿನದರ ಮೇಲೆ ಹೆಂಚು ಕೂರುವಂತೆ ಕೂರಿಸಿದೆ. ಒಳಗಡೆಯಿಂದ ಸಂದಿಗೆಲ್ಲ ಅಗಲದ ಟೇಪು. ಇದು ಮುಖ್ಯ, ಒಳಗಿನ ಹಬೆ ತಗಡಿನವರೆಗೆ ಹೋಗಬಾರದು. ಕೊನೆಯ ಹಲಗೆಯನ್ನು ಗೋಡೆ ದಾಟಿಸಿ ಸೂರಿನವರೆಗೆ ಬಿಟ್ಟಿದ್ದೇನೆ. ಚಳಿಗಾಲದಲ್ಲಿ ತಗಡಿನಿಂದ ಹನಿ ಬಿದ್ದರೂ ಹಲಗೆಯ ಬೆನ್ನ ಮೇಲೆ ಜಾರಿ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ ಸುತ್ತಲಿಲ್ಲ.

ಅಡುಗೆ ಮನೆಗೆ ಹಲಗೆ ಹಾಕಲೇ ಇಲ್ಲ. ಥರ್ಮೊಕೋಲ್ ಬೇಗ ಹತ್ತಿ ಉರಿಯುತ್ತದೆ, ಉರಿಯುವಾಗ ಕರಗಿ ತೊಟ್ಟಿಕ್ಕುತ್ತದೆ. ಮಲಗುವ ಕೋಣೆಯಲ್ಲೂ ಕೆಳಗಿನಿಂದ ತೆಳು ಸಿಮೆಂಟು ಹಲಗೆ ಹೊಡೆಸಿದೆ. ಖರ್ಚು ಹೆಚ್ಚಾಯಿತು, ಆದರೆ ದೀಪ, ಊದುಬತ್ತಿಯ ಭಯ ತಪ್ಪಿತು. ಶೀಟಿನ ಹೊರಮೈಗೆ ಬಿಳಿ ಬಣ್ಣ ಹೊಡೆಸಿದ್ದರಿಂದ ಕಾವು ಇನ್ನೂ ಇಳಿದಿದೆ. ಜಿಂಕ್ ಶೀಟಿಗೆ ಸುಣ್ಣ ಬೇಡ, ಹಸಿ ಸುಣ್ಣ ಜಿಂಕನ್ನು ತಿನ್ನುತ್ತದೆ. ತಗಡಿಗೆ ಅಂತಲೇ ಬರುವ ಬಣ್ಣ ಹೊಡೆಯಿರಿ.

ಈಗ ಹೇಗಿದೆ

ಒಂದು ಮಳೆಗಾಲ, ಒಂದು ಚಳಿಗಾಲ ಪೂರ್ತಿ ಕಳೆದ ಮೇಲೆ ನಾಲ್ಕು ಕಡೆ ಹಲಗೆ ತೆಗೆದು ತೂಗಿದೆ. ಮೂರು ಹಾಕಿದಾಗಿನ ತೂಕವೇ ಇತ್ತು. ಒಂದು 15 ಗ್ರಾಂ ಹೆಚ್ಚು. ಅದರ ಮೇಲಿನ ಬೋಲ್ಟು ಸಡಿಲಾಗಿತ್ತು, ಬಿಗಿದೆ. ಚಳಿಯ ಬೆಳಿಗ್ಗೆ ಸೂರಿನ ತುದಿಯಿಂದ ಹನಿ ಬೀಳುವುದು ಈಗಲೂ ಉಂಟು, ಆದರೆ ಅಂಗಳಕ್ಕೆ ಬೀಳುತ್ತದೆ. ನಮ್ಮವ್ವ ಮತ್ತೆ ಅದೇ ಕೋಣೆಯಲ್ಲಿ ಮಲಗುತ್ತಾಳೆ. ಕೆಮ್ಮು ಪೂರ್ತಿ ಹೋಗಿದೆ ಅಂತ ಹೇಳಲಾರೆ, ರಾತ್ರಿ ಎದ್ದು ಕೂರುವುದು ನಿಂತಿದೆ.

ಬೀಜದ ಕಡಲೆಕಾಯಿಯನ್ನು ಈಗ ಅಟ್ಟಕ್ಕೆ ಹಾಕುವುದಿಲ್ಲ. ಅಲ್ಲಾಡಿಸಿದರೆ ಕಾಯೊಳಗೆ ಬೀಜ ಗಲಗಲ ಅನ್ನುವವರೆಗೆ ಒಣಗಿಸಿ, ಗೋಣಿ ಚೀಲದಲ್ಲಿ ತುಂಬಿ, ಗೋಡೆಯಿಂದ ಒಂದು ಮೊಳ ದೂರ ಹಲಗೆಯ ಮೇಲೆ ಇಡುತ್ತೇವೆ. ತಿಂಗಳಿಗೊಮ್ಮೆ ಚೀಲ ಬಿಚ್ಚಿ ಮೂಸಿ ನೋಡುವುದು ನಮ್ಮ ಮನೆಯಾಕೆಯ ಕೆಲಸ.

ನಾನು ಎರಡು ಸಲ ಹೊಸ ಹಲಗೆಗೆ ದುಡ್ಡು ಕೊಟ್ಟೆ. ಕೆಟ್ಟಿದ್ದು ಹಲಗೆಯಲ್ಲ, ನೀರಿನ ದಾರಿ. ಹಲಗೆ ಕಾವನ್ನು ತಡೆಯುತ್ತದೆ, ನೀರನ್ನು ತಡೆಯುವುದು ನಮ್ಮ ಕೆಲಸ. ಬಂದ ತೇವಕ್ಕೆ ಹೋಗಲು ದಾರಿ ಬಿಡುವುದೂ ನಮ್ಮದೇ. ನಿಮ್ಮ ಮನೆಯಲ್ಲಿ ಹಲಗೆ ಕಲೆ ಬಿದ್ದಿದ್ದರೆ ಅಂಗಡಿಗೆ ಹೋಗುವ ಮೊದಲು ಒಂದು ಹಲಗೆ ಇಳಿಸಿ ತಕ್ಕಡಿಗೆ ಇಡಿ. ಇದಕ್ಕಿಂತ ಕಡಿಮೆ ಖರ್ಚಿನ ಉಪಾಯ ಮಾಡಿದವರು, ಹಾಕಿಯೂ ಕೆಡದೆ ಇರುವವರು ಇದ್ದರೆ ಪತ್ರಿಕೆಗೆ ಬರೆಯಿರಿ. ನಾವೆಲ್ಲ ಓದಿ ಕಲಿಯೋಣ.